ಕೊನೇ ಸೀಟಿನವರನ್ನು ಕೇಳಿದವರಿಲ್ಲ

ಬಿಡದಿಯಲ್ಲಿ ತಯಾರಾದ ಟೊಯೊಟಾ ಕ್ವಾಲಿಸ್ ಮಾರಾಟಕ್ಕೆ ಬಂದದ್ದು 2000ದ ಜನವರಿಯಲ್ಲಿ. ಅಲ್ಲಿಂದ ಲೆಕ್ಕ ಹಿಡಿದರೆ ದೊಡ್ಡ ಸಂಸಾರದ ಗಾಡಿ ಎಂಬುದು ನಮ್ಮ ಸೀಮೆಗೆ ಕಾಲಿಟ್ಟು ಇಪ್ಪತ್ತೈದು ವರ್ಷ ತುಂಬಿದೆ. ಗುಡೇಕೋಟೆ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಯಾವ ಕಡೆ ಹೋದರೂ ಮನೆ ಮುಂದೆ ಎರ್ಟಿಗಾ, ಬೊಲೆರೊ, ಇಲ್ಲವೇ ಎರಡನೇ ಕೈ ಇನ್ನೋವಾ ನಿಂತಿರುವುದು ಈಗ ಮಾಮೂಲು. ಮೇಷ್ಟ್ರು ದಂಪತಿಯ ಮನೆ, ಗುತ್ತಿಗೆದಾರರ ಮನೆ, ದಾಳಿಂಬೆ ಕೈ ಹಿಡಿದ ರೈತರ ಮನೆ, ಎಲ್ಲ ಕಡೆಯೂ ‘ಏಳು ಸೀಟಿನದ್ದೇ ಇರಲಿ’ ಎಂಬ ಮಾತಿದೆ. ಧರ್ಮಸ್ಥಳ, ಮಂತ್ರಾಲಯ, ತಿರುಪತಿ, ಶ್ರೀಶೈಲ, ಬೆಂಗಳೂರಿನ ಆಸ್ಪತ್ರೆ, ಬೆಂಗಳೂರಲ್ಲೇ ಇರುವ ಮಗ-ಸೊಸೆ. ನಮ್ಮವರ ದೂರದ ದಾರಿ ಹೆಚ್ಚುಕಡಿಮೆ ಇಷ್ಟರಲ್ಲೇ ಮುಗಿಯುತ್ತದೆ.

ಈ ಇಪ್ಪತ್ತೈದು ವರ್ಷದ ಖರೀದಿಯನ್ನು ತಿರುಗಿ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ನಮ್ಮ ಸೀಮೆ ಗಾಡಿ ಕೊಂಡದ್ದು ತಲೆ ಎಣಿಸಿ. ‘ಎಷ್ಟ್ ಮಂದಿ ಹಿಡಿತೈತಿ?’ ಎಂಬುದೇ ಷೋರೂಮಿನಲ್ಲಿ ಮೊದಲ ಪ್ರಶ್ನೆ. ಕಡೇ ಸಾಲಿನಲ್ಲಿ ಕೂತವರು ಮುನ್ನೂರು ಕಿಲೊಮೀಟರ್ ಹೇಗೆ ಕೂತಿರುತ್ತಾರೆ ಎಂದು ಕೇಳಿದವರು ಅಪರೂಪ. ಕೊಳ್ಳುವವನು ಸ್ಟೇರಿಂಗ್ ಹಿಡಿಯುವವನು, ಅವನ ಸೀಟು ಎಲ್ಲ ಗಾಡಿಯಲ್ಲೂ ಚೆನ್ನಾಗಿಯೇ ಇರುತ್ತದೆ. ಹಿಂದೆ ಕೂರುವವರು ಅವನ ಅವ್ವ, ಅತ್ತೆ, ಹೆಂಡತಿ, ತಂಗಿ, ಮಕ್ಕಳು.

ಕ್ವಾಲಿಸ್‌ಗಿಂತ ಹಿಂದಿನ ಕಥೆ ಬೇಗ ಹೇಳಿ ಮುಗಿಸಬಹುದು. ಸಾಹುಕಾರರಿಗೆ ಅಂಬಾಸಡರ್, ಮದುವೆ ದಿಬ್ಬಣಕ್ಕೆ ಟ್ರ್ಯಾಕ್ಸ್, ಉಳಿದವರಿಗೆ ಕೆಂಪು ಬಸ್ಸು. 1984ರಲ್ಲಿ ಬಂದ ಮಾರುತಿ ವ್ಯಾನು, ಮುಂದೆ ಓಮ್ನಿ ಎಂದು ಹೆಸರಾದದ್ದು, ಅಂಗಡಿಯವರ ಪಾಲಿಗೆ ವರವಾಯಿತು. ಬೆಳಿಗ್ಗೆ ಸಂತೆ ಮಾಲು, ಸಂಜೆ ಸಂಸಾರ. 796 ಸಿ.ಸಿ. ಇಂಜಿನ್ನು ಮುಂದಿನ ಸೀಟಿನ ಅಡಿಯಲ್ಲೇ ಇದ್ದುದರಿಂದ ಬೇಸಿಗೆಯಲ್ಲಿ ಕೂತ ಜಾಗ ಕಾಯುತ್ತಿತ್ತು. ಡ್ರೈವರಿನ ಮೊಣಕಾಲಿಗೂ ಎದುರು ಬರುವ ಲಾರಿಗೂ ನಡುವೆ ಇದ್ದದ್ದು ಒಂದು ತಗಡು. ಆ ಓಮ್ನಿಯಲ್ಲೇ ಜನ ತಿರುಪತಿಗೆ ಹೋಗಿಬಂದರು. 2019ರಲ್ಲಿ ಅದರ ತಯಾರಿಕೆ ನಿಂತಾಗ ಕಣ್ಣೀರಿಟ್ಟವರಿಗಿಂತ ‘ಇನ್ನೊಂದು ಸಿಗ್ತದಾ?’ ಎಂದು ಹುಡುಕಿದವರೇ ಜಾಸ್ತಿ. 1994ರ ಟಾಟಾ ಸುಮೊ ಹತ್ತು ಮಂದಿಯನ್ನು ಹಿಡಿಯಿತು. ಅದರ ಹಿಂಬದಿಯ ಎದುರು-ಬದುರು ಅಡ್ಡ ಸೀಟು ನಮ್ಮ ಕಡೆಯ ಮಕ್ಕಳಿಗೆಲ್ಲ ಗೊತ್ತು. ಎದುರಿಗೆ ಕೂತವರ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು, ದಾರಿಯನ್ನು ನೇರವಾಗಿ ನೋಡಲಾಗದೆ, ಹೊಟ್ಟೆ ತೊಳಸಿಕೊಂಡು ಕೂರುವ ಸೀಟು ಅದು.

ಕ್ವಾಲಿಸ್ ಬಂದಾಗ ಅದನ್ನು ಚೆಂದದ ಗಾಡಿ ಎಂದು ಯಾರೂ ಮೆಚ್ಚಲಿಲ್ಲ. ಮೆಚ್ಚಿದ್ದು ಕೆಡದ ಇಂಜಿನ್ನನ್ನು. ಅದರ ಬೆನ್ನಿಗೆ ನಮ್ಮ ರಸ್ತೆಗಳಿಗೆ ಗ್ರಹಣ ಹಿಡಿಯಿತು. 2003–04ರ ನಂತರ ಅದಿರಿನ ಬೆಲೆ ಏರಿ, ಸಂಡೂರು-ಹೊಸಪೇಟೆ ಗಣಿಗಳ ಲಾರಿಗಳು ಹಗಲು ರಾತ್ರಿ ಎನ್ನದೆ ಹೆದ್ದಾರಿಗೆ ಬಿದ್ದವು. ಆಗ 13ನೇ ನಂಬರಿನದಾಗಿದ್ದ ಸೊಲ್ಲಾಪುರ-ಮಂಗಳೂರು ಹೆದ್ದಾರಿ ಕೂಡ್ಲಿಗಿಯನ್ನು ಹಾದು ಚಿತ್ರದುರ್ಗಕ್ಕೆ ಹೋಗುತ್ತಿತ್ತು. ಕೆಂಪು ದೂಳು, ಗಾಲಿ ಮುಳುಗುವಷ್ಟು ಗುಂಡಿ, ಸಾಲುಗಟ್ಟಿದ ಲಾರಿ. ಆ ದಿನಗಳಲ್ಲಿ ಕಾರಿನ ಆರಾಮವೆಂದರೆ ಸೊಂಟ ಮುರಿಯದೆ ಚಿತ್ರದುರ್ಗ ಮುಟ್ಟುವುದು. ಎತ್ತರದ, ಗಟ್ಟಿ ಚಾಸಿಯ ಗಾಡಿಗೆ ನಮ್ಮವರು ಮನಸೋತದ್ದಕ್ಕೆ ಈ ರಸ್ತೆಯೇ ಕಾರಣ, ಜಾಹೀರಾತಲ್ಲ. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತಿಗೆ ತಡೆ ಹಾಕಿತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಲಾರಿ ಹೋದವು. ಆದರೆ ‘ಬಾಡಿ ಗಟ್ಟಿ ಇರ್ಬೇಕು, ಎತ್ತರ ಇರ್ಬೇಕು’ ಎಂಬ ಮಾತು ಉಳಿದುಕೊಂಡಿತು.

2005ರಲ್ಲಿ ಇನ್ನೋವಾ ಬಂತು, ಕ್ವಾಲಿಸ್ ಹೋಯಿತು. ಈ ಎರಡರ ನಡುವಿನ ವ್ಯತ್ಯಾಸವನ್ನು ಹಿಂದೆ ಕೂತವರೇ ಮೊದಲು ಕಂಡುಕೊಂಡರು. ಕ್ವಾಲಿಸ್‌ನ ಹಿಂದಿನ ಗಾಲಿಗಳ ಮೇಲಿದ್ದದ್ದು ಲಾರಿಯಂತೆ ಪಟ್ಟಿ ಸ್ಪ್ರಿಂಗು. ತುಂಬಿದಾಗ ಪರವಾಗಿಲ್ಲ, ಖಾಲಿ ಇದ್ದರೆ ಎತ್ತಿ ಹಾಕುತ್ತಿತ್ತು. ಇನ್ನೋವಾಕ್ಕೆ ಕಾಯಿಲ್ ಸ್ಪ್ರಿಂಗು ಬಂತು. ಮುಂದಿನ ಗಾಲಿಯಿಂದ ಹಿಂದಿನ ಗಾಲಿಗೆ 2,750 ಮಿ.ಮೀ. ದೂರ ಇದ್ದುದರಿಂದ ನಡುವಿನ ಸೀಟಿನಲ್ಲಿ ಕಾಲು ಚಾಚಲು ಜಾಗ ಸಿಕ್ಕಿತು. ಹೊರಟು ನಾಲ್ಕು ತಾಸಾದರೂ ನಡುವಿನ ಸಾಲಿನವರು ಜಗಳವಾಡದ ಗಾಡಿ ಅದು. ಇಪ್ಪತ್ತು ವರ್ಷದ ನಂತರವೂ ಬಾಡಿಗೆ ಮಾತಾಡುವಾಗ ‘ಇನ್ನೋವಾ ಇದ್ರೆ ಹೇಳು’ ಎನ್ನುತ್ತಾರೆ. ಅದಕ್ಕೆ ಈ ನಡುವಿನ ಸೀಟು ಕಾರಣವೇ ಹೊರತು ಮುಂದಿನ ಬಂಪರ್ರಲ್ಲ.

ಆದರೆ ಇನ್ನೋವಾ ಎಲ್ಲರ ಕೈಗೆ ಎಟುಕಲಿಲ್ಲ. 2004ರ ಟವೇರಾ ಬಾಡಿಗೆಯವರ ಪಾಲಾಯಿತು, 2009ರ ಕ್ಸೈಲೊ ಸ್ವಲ್ಪ ದಿನ ಮೆರೆಯಿತು, 2015ರ ರೆನೊ ಲಾಡ್ಜಿ ಒಳ್ಳೆಯ ಗಾಡಿಯಾಗಿದ್ದೂ ಯಾರ ಕಣ್ಣಿಗೂ ಬೀಳದೆ ಹೋಯಿತು. ನಮ್ಮ ಸೀಮೆಯ ಸಂಸಾರಗಳ ಲೆಕ್ಕ ಬದಲಿಸಿದ್ದು 2012ರ ಮಾರುತಿ ಎರ್ಟಿಗಾ. ಕಾರಿನ ಬೆಲೆ, ಕಾರಿನ ಮೈಲೇಜು, ಏಳು ಸೀಟು. ಡೀಸೆಲ್ ಎರ್ಟಿಗಾದವನು ಟ್ಯಾಂಕ್ ತುಂಬಿಸಿ ಬೆಂಗಳೂರಿಗೆ ಹೋಗಿಬಂದು ಇನ್ನೂ ಮುಳ್ಳು ಕಾಲು ಭಾಗದ ಮೇಲಿದೆ ಎಂದು ತೋರಿಸುತ್ತಿದ್ದ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದು ಮಾರುತಿ ಡೀಸೆಲ್ಲನ್ನೇ ಕೈಬಿಟ್ಟಿತು. ಈಗಿನ ಎರ್ಟಿಗಾ ಪೆಟ್ರೋಲ್ ಇಲ್ಲವೇ ಸಿಎನ್‌ಜಿ. ಸಿಎನ್‌ಜಿ ಸಿಲಿಂಡರು ಕೂರುವುದು ಡಿಕ್ಕಿಯಲ್ಲಿ ಎಂಬುದನ್ನು ಮೈಲೇಜು ಕೇಳಿ ಖುಷಿಪಡುವವರು ನೆನಪಿಡಬೇಕು. ಸಿಲಿಂಡರ್ ಇಲ್ಲದ ಗಾಡಿಯಲ್ಲೇ ಮೂರೂ ಸಾಲು ಎಬ್ಬಿಸಿದರೆ ಉಳಿಯುವ ಡಿಕ್ಕಿ 209 ಲೀಟರ್. ಆರೇಳು ಮಂದಿಯ ಎರಡು ದಿನದ ಬಟ್ಟೆ, ಖಡಕ್ ರೊಟ್ಟಿಯ ಗಂಟು, ಶೇಂಗಾ ಚಟ್ನಿಪುಡಿ ಡಬ್ಬ, ಇಪ್ಪತ್ತು ಲೀಟರಿನ ನೀರಿನ ಕ್ಯಾನು ಅದರಲ್ಲಿ ಹಿಡಿಯುವುದಿಲ್ಲ. ರೆನೊ ಟ್ರೈಬರ್‌ನಲ್ಲಿ ಮೂರೂ ಸಾಲು ಇದ್ದಾಗ ಉಳಿಯುವುದು 84 ಲೀಟರ್. ಅಂದರೆ ಒಂದು ಬ್ಯಾಗು.

ಹೀಗಾಗಿ ಕೊನೇ ಸಾಲಿನವರ ತೊಡೆಯ ಮೇಲೆ ರೊಟ್ಟಿಯ ಗಂಟು ಬರುತ್ತದೆ.

ಆ ಕೊನೇ ಸಾಲಿನ ಸಂಗತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೆಚ್ಚಿನ ಏಳು ಸೀಟಿನ ಗಾಡಿಗಳಲ್ಲಿ ಮೂರನೇ ಸಾಲು ಹಿಂದಿನ ಗಾಲಿಗಳ ನೇರಕ್ಕೋ ಅದಕ್ಕೂ ಹಿಂದಕ್ಕೋ ಇರುತ್ತದೆ. ಹಂಪ್ಸ್ ದಾಟಿದಾಗ ಮುಂದಿನವರಿಗೆ ‘ದಡ್’ ಎಂದದ್ದು ಹಿಂದಿನವರನ್ನು ಎತ್ತಿ ಕೂರಿಸುತ್ತದೆ. ಗಾಲಿಯ ಅಚ್ಚು, ಚಾಸಿ, ಸ್ಟೆಪ್ನಿ ಎಲ್ಲ ಅಲ್ಲೇ ಕೆಳಗಿರುವುದರಿಂದ ನೆಲ ಎತ್ತರ, ಮಾಡು ತಲೆಗೆ ತಾಗಬಾರದೆಂದು ಸೀಟು ಗಿಡ್ಡ. ಫಲವೆಂದರೆ ಮೊಣಕಾಲು ಎದೆ ಮಟ್ಟಕ್ಕೆ ಬರುತ್ತದೆ, ತೊಡೆಗೆ ಆಸರೆ ಇರುವುದಿಲ್ಲ. ಮಣೆಯ ಮೇಲೆ ಕುಕ್ಕರುಗಾಲಲ್ಲಿ ಕೂತಂತೆ. ತೊಡೆಗೆ ಆಸರೆ ಇಲ್ಲದೆ ಮೂರು ತಾಸು ಕೂತರೆ ಗಟ್ಟಿಮುಟ್ಟಾದ ಹುಡುಗನಿಗೂ ಕಾಲು ಜೋಮು ಹಿಡಿಯುತ್ತದೆ. ಅರವತ್ತೈದು ದಾಟಿದ, ಮಂಡಿ ಸವೆದ, ಸಕ್ಕರೆ ಕಾಯಿಲೆಯಿಂದ ಪಾದ ಊದಿಕೊಳ್ಳುವ ಹೆಂಗಸನ್ನು ಅಲ್ಲಿ ಕೂರಿಸುವುದು ಶಿಕ್ಷೆ. ಅಲ್ಲಿಗೆ ಹೋಗಲು ನಡುವಿನ ಸೀಟು ಮಡಿಚಿ, ಸೀರೆ ಎತ್ತಿಕೊಂಡು, ಬಾಗಿ, ಒಂದು ಕೈಯಲ್ಲಿ ಮಾಡಿನ ಹಿಡಿ ಹಿಡಿದು ತೂರಿಕೊಳ್ಳಬೇಕು. ‘ಅವ್ವ, ನೀ ಹಿಂದ್ ಕುಂದ್ರು, ಮಕ್ಕಂಬಿಡಾಕ ಜಾಗ ಐತಿ’ ಎನ್ನುವ ಮಗನಿಗೆ ಇದು ಗೊತ್ತಿರುವುದಿಲ್ಲ, ಏಕೆಂದರೆ ಅವನು ಅಲ್ಲಿ ಕೂತು ಕೂಡ್ಲಿಗಿಯವರೆಗೂ ಹೋದವನಲ್ಲ.

ಗಾಳಿಯ ವಿಷಯವೂ ಹಾಗೇ. ನಮ್ಮಲ್ಲಿ ಏಪ್ರಿಲ್-ಮೇ ಬಿಸಿಲು 40 ಡಿಗ್ರಿ ಮುಟ್ಟುವ ಬಿಸಿಲು, ಮೂರನೇ ಸಾಲಿನ ಕಿಟಕಿ ಹೆಚ್ಚಿನ ಗಾಡಿಗಳಲ್ಲಿ ತೆರೆಯುವುದಿಲ್ಲ. ಮೊದಲ ಎರ್ಟಿಗಾದಲ್ಲಿ ಮಾಡಿಗೆ ಹಾಕಿದ ಎಸಿ ನಡುವಿನ ಸಾಲಿಗೇ ಇತ್ತು, ಹಿಂದಿನವರಿಗೆ ಉಳಿದ ತಂಪು. ಇನ್ನೋವಾದಲ್ಲಿ ಮೂರನೇ ಸಾಲಿಗೂ ಮಾಡಿನಲ್ಲಿ ಗಾಳಿಯ ಕಿಂಡಿಗಳಿವೆ. ಚಿಕ್ಕಮಗಳೂರು ದಾಟಿ ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗ ವಾಂತಿ ಶುರುವಾಗುವುದು ಯಾವಾಗಲೂ ಹಿಂದಿನ ಸಾಲಿನಿಂದ. ಮಕ್ಕಳ ಹೊಟ್ಟೆ ದುರ್ಬಲ ಎಂದು ನಿಂಬೆಹಣ್ಣು ಮೂಸಿಸುತ್ತಾರೆ. ಮುಂದಿನ ದಾರಿ ಕಾಣದ, ಗಾಳಿ ಬಾರದ, ತಿರುವಿನಲ್ಲಿ ಎಲ್ಲರಿಗಿಂತ ಹೆಚ್ಚು ತೂಗಾಡುವ ಮೂಲೆಯಲ್ಲಿ ಮಗುವನ್ನು ಕೂರಿಸಿ ನಿಂಬೆಹಣ್ಣನ್ನು ನಂಬಿದರೆ ಏನು ಬಂತು? ಆ ಮಗುವನ್ನು ನಡುವಿನ ಸಾಲಿಗೆ ತಂದರೆ ಅರ್ಧ ವಾಂತಿ ಅಲ್ಲೇ ನಿಲ್ಲುತ್ತದೆ.

ಹೀಗಿರುವಾಗ ಈಚಿನ ಹತ್ತು ವರ್ಷದಲ್ಲಿ ದಾರಿಯೇ ಬೇರೆಯಾಯಿತು. ಹಳೆಯ 13 ಈಗ 50ನೇ ನಂಬರಿನ ಹೆದ್ದಾರಿ. ಹೊಸಪೇಟೆ-ಚಿತ್ರದುರ್ಗ ನಡುವಿನ ಸುಮಾರು 120 ಕಿ.ಮೀ. ನಾಲ್ಕು ಪಥವಾಯಿತು. ಚಿತ್ರದುರ್ಗದಲ್ಲಿ 48ನೇ ಹೆದ್ದಾರಿಗೆ ಕೂಡಿಕೊಂಡರೆ ಬೆಂಗಳೂರು ಸರಿಸುಮಾರು 200 ಕಿ.ಮೀ. ಗುಂಡಿ ತಪ್ಪಿಸಲು ಎತ್ತರದ ಗಾಡಿ ಬೇಕೆಂಬ ಕಾಲ ಹೋಗಿ, ನೂರರ ವೇಗದಲ್ಲಿ ನೆಟ್ಟಗೆ ನಿಲ್ಲುವ ಗಾಡಿ ಬೇಕೆಂಬ ಕಾಲ ಬಂತು. ಎತ್ತರದ ಗಾಡಿಗೆ ಎಂಟು ಮಂದಿ ತುಂಬಿ, ಕ್ಯಾರಿಯರ್ ಮೇಲೆ ಅಕ್ಕಿ ಮೂಟೆ ಕಟ್ಟಿ, ಹಿರಿಯೂರಿನಿಂದಾಚೆ ಆ ವೇಗದಲ್ಲಿ ಲೇನ್ ಬದಲಿಸುವವನಿಗೆ ಭೌತಶಾಸ್ತ್ರ ಕಲಿಸಲು ಇನ್ಯಾರೂ ಬೇಕಿಲ್ಲ. ಭಾರ ಇರಬೇಕಾದದ್ದು ಕೆಳಗೆ. ಪೂರ್ತಿ ತುಂಬಿದ ಗಾಡಿಗೆ ಟಯರಿನ ಗಾಳಿಯೂ ಹೆಚ್ಚು ಬೇಕು. ಎಷ್ಟು ಎಂಬುದು ಡ್ರೈವರ್ ಬಾಗಿಲ ಕಂಬದ ಚೀಟಿಯಲ್ಲೇ ಬರೆದಿರುತ್ತದೆ, ಪಂಕ್ಚರ್ ಅಂಗಡಿಯವನ ಅಂದಾಜು ಬೇಡ. ಟಯರಿನ ಪಕ್ಕದಲ್ಲಿ ಒತ್ತಿದ ನಾಲ್ಕು ಅಂಕಿ ಅದು ಹುಟ್ಟಿದ ವಾರ ಮತ್ತು ವರ್ಷ: 2319 ಎಂದರೆ 2019ರ 23ನೇ ವಾರ. ವರ್ಷಕ್ಕೆ ನಾಲ್ಕು ಸಲ ಹೊರಗೆ ಬರುವ ಗಾಡಿಯ ಟಯರು ಸವೆದಿರುವುದಿಲ್ಲ, ಆದರೆ ಬಿಸಿಲಿಗೆ ಸತ್ತಿರುತ್ತದೆ.

ವೇಗದ ಜೊತೆ ಪೆಟ್ಟಿನ ಮಾತೂ ಬಂತು. 2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡದ್ದು ದುಬಾರಿ ಕಾರಿನ ಹಿಂದಿನ ಸೀಟಿನಲ್ಲಿ, ಬೆಲ್ಟ್ ಇಲ್ಲದೆ. ಅದರ ಬೆನ್ನಲ್ಲೇ ನಮ್ಮ ರಾಜ್ಯದಲ್ಲೂ ಹಿಂದಿನವರು ಬೆಲ್ಟ್ ಹಾಕದಿದ್ದರೆ 1,000 ರೂಪಾಯಿ ದಂಡ ಎಂದಾಯಿತು. ಸ್ವಲ್ಪ ದಿನ ನಡೆಯಿತು, ಮರೆತೂಹೋಯಿತು. ಕೊನೇ ಸಾಲಿನ ಬೆಲ್ಟು ಸೀಟಿನ ಸಂದಿಯಲ್ಲಿ ಎಲ್ಲೋ ಹುದುಗಿರುತ್ತದೆ, ಅದನ್ನು ಎಳೆದು ನೋಡದೆ ಗಾಡಿ ಕೊಳ್ಳುವವರೇ ಹೆಚ್ಚು. ಬೊಲೆರೊದ ಅಡ್ಡ ಸೀಟಿನ ಮೇಲಿನ ಪ್ರೀತಿಯಂತೂ ಅರ್ಥವಾಗದ್ದು. ಹೊಲಕ್ಕೆ, ಸಂತೆಗೆ, ಕೆಸರಿಗೆ ಬೊಲೆರೊವನ್ನು ಮೀರಿದ್ದಿಲ್ಲ, ಒಪ್ಪಿದೆವು. ಆದರೆ ಅಡ್ಡ ಕೂತವರನ್ನು ಮುಂದಿನ ಪೆಟ್ಟು ಪಕ್ಕಕ್ಕೆ ಬಡಿಯುತ್ತದೆ, ಮನುಷ್ಯನ ಕುತ್ತಿಗೆಯನ್ನು ದೇವರು ಅದಕ್ಕೆಂದು ಮಾಡಿಲ್ಲ. ಅಂಥದ್ದೇ ಅಡ್ಡ ಸೀಟಿರುವ ಬೊಲೆರೊ ನಿಯೊಗೆ 2024ರ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಸಿಕ್ಕಿದ್ದು ಒಂದು ಸ್ಟಾರ್. ಎರ್ಟಿಗಾಕ್ಕೆ 2019ರಲ್ಲಿ ಮೂರು ಇತ್ತು, ನಿಯಮ ಬಿಗಿಯಾದ ಮೇಲೆ ದೊಡ್ಡವರ ರಕ್ಷಣೆಗೆ ಒಂದಕ್ಕೆ ಇಳಿಯಿತು. 2018ರಲ್ಲಿ ನಾಲ್ಕು ಸ್ಟಾರ್ ಪಡೆದ ಮಹೀಂದ್ರ ಮರಾಜೊವನ್ನು ನಮ್ಮವರು ಕೊಳ್ಳಲಿಲ್ಲ. ಹಿಂದಿನ ಸೀಟಿನವರ ದೃಷ್ಟಿಯಿಂದ ಈ ಬೆಲೆಯಲ್ಲಿ ಬಂದ ಒಳ್ಳೆಯ ಗಾಡಿಗಳಲ್ಲಿ ಅದೊಂದು, ‘ರೀಸೇಲ್ ಇಲ್ಲ’ ಎಂಬ ಒಂದೇ ಮಾತಿಗೆ ಸೋತಿತು.

ಹಾಗೆಂದು ನಾಲ್ಕು ಪಥವನ್ನೇ ನೋಡಿ ಗಾಡಿ ಆರಿಸುವಂತೆಯೂ ಇಲ್ಲ. ಒನಕೆ ಓಬವ್ವನ ತವರೆಂದು ಹೆಸರಾದ ಗುಡೇಕೋಟೆ ಹೆದ್ದಾರಿಯ ಮೇಲಿಲ್ಲ. ತಿರುಪತಿಯಿಂದ ಬಂದರೂ ಬೆಂಗಳೂರಿನಿಂದ ಬಂದರೂ ಕೊನೆಯ ತಾಸು ಬಂಡೆಗುಡ್ಡಗಳ ನಡುವಿನ ಊರ ದಾರಿಯಲ್ಲೇ ಕಳೆಯಬೇಕು, ಅದೂ ಸಾಮಾನ್ಯವಾಗಿ ಕತ್ತಲಾದ ಮೇಲೆ. ಇದು ಕರಡಿಧಾಮದ ಸೀಮೆ. ಮುಸ್ಸಂಜೆಯಾದರೆ ಕರಡಿ ಗುಡ್ಡ ಇಳಿಯುತ್ತದೆ, ಮರಿಗಳನ್ನು ಬೆನ್ನ ಮೇಲೆ ಕೂರಿಸಿಕೊಂಡು ರಸ್ತೆ ದಾಟುವುದೂ ಉಂಟು. ಕಡಿಮೆ ಬೆಲೆಯ ಮಾದರಿಗಳ ಹಳದಿ ಮಿಣುಕು ದೀಪಕ್ಕೆ ಕಪ್ಪು ಕರಡಿ ಕಾಣುವುದು ಹತ್ತಿರ ಹೋದ ಮೇಲೆಯೇ. ಹಾಡು ಕೇಳುವ ದೊಡ್ಡ ಪರದೆಗೆ ಕೊಡುವ ದುಡ್ಡನ್ನು ಒಳ್ಳೆಯ ದೀಪ ಇರುವ ಮಾದರಿಗೆ ಕೊಡುವುದು ಲೇಸು.

ಸುಗ್ಗಿಯಲ್ಲಿ ಇನ್ನೊಂದು ಕಾಟ. ರಸ್ತೆಯ ಮೇಲೆ ಹುರುಳಿ, ಸಜ್ಜೆ, ತೊಗರಿ ಹರಡಿ ಗಾಡಿಗಳ ಕೈಯಲ್ಲಿ ಒಕ್ಕಣೆ ಮಾಡಿಸುತ್ತಾರೆ. ಹುರುಳಿಯ ಬಳ್ಳಿ ಗಾಲಿಯ ಅಚ್ಚಿಗೆ ಸುತ್ತಿಕೊಂಡರೆ, ಕಾದ ಸೈಲೆನ್ಸರಿಗೆ ತಾಗಿ ಬೆಂಕಿ ಹತ್ತಿಕೊಳ್ಳುತ್ತದೆ. ಏಳು ಮಂದಿ ಕೂತು ಹೊಟ್ಟೆ ನೆಲಕ್ಕೆ ಜಗ್ಗಿದ ಗಾಡಿಗೆ ಈ ಅಪಾಯ ಜಾಸ್ತಿ. ಕಂಪನಿ ಹೇಳುವ ನೆಲದೆತ್ತರದ ಲೆಕ್ಕ ತುಂಬಿದ ಗಾಡಿಯದ್ದೋ ಖಾಲಿ ಗಾಡಿಯದ್ದೋ ಎಂದು ಕೇಳಿ ನೋಡಿ. ಹೊಟ್ಟು ಕಂಡರೆ ಪಕ್ಕಕ್ಕೆ ಸರಿಯಬೇಕು, ದಾಟಲೇಬೇಕಾದರೆ ದಾಟಿದ ಮೇಲೆ ಇಳಿದು ಕೆಳಗೆ ಬಗ್ಗಿ ನೋಡಬೇಕು. ರೈತರಿಗೆ ಕಣ ಮಾಡಿಕೊಡದ ಪಂಚಾಯಿತಿಗಳು ಇರುವವರೆಗೆ ಬೇರೆ ದಾರಿ ಇಲ್ಲ.

ಈಗ ಕೊಳ್ಳುವವರ ಮುಂದೆ ಏನಿದೆ? 2016ರ ಕ್ರಿಸ್ಟಾ ಹಳೆಯ ಇನ್ನೋವಾದ ಗಟ್ಟಿ ಚಾಸಿಯನ್ನೂ ಡೀಸೆಲ್ಲನ್ನೂ ಉಳಿಸಿಕೊಂಡಿದೆ, ಆದರೆ ರಸ್ತೆಗೆ ಇಳಿಯುವ ಹೊತ್ತಿಗೆ 20 ಲಕ್ಷ ದಾಟುತ್ತದೆ. 2022ರ ಕೊನೆಗೆ ಬಂದ ಹೈಕ್ರಾಸ್‌ನಲ್ಲಿ ಆ ಚಾಸಿಯೂ ಇಲ್ಲ, ಡೀಸೆಲ್ಲೂ ಇಲ್ಲ. ಪೆಟ್ರೋಲಿಗೆ ಬ್ಯಾಟರಿ ಜೋಡಿಸಿದ ಮಾದರಿ ಲೀಟರಿಗೆ 23.24 ಕಿ.ಮೀ. ಕೊಡುತ್ತದೆಂದು ಕಂಪನಿಯ ಲೆಕ್ಕ. ಚಾಸಿ ಹೋದದ್ದಕ್ಕೆ ನಮ್ಮ ಮೆಕ್ಯಾನಿಕ್‌ಗಳು ಮುಖ ಸಿಂಡರಿಸಿದರು. ಆದರೆ ಚಾಸಿ ಹೋದದ್ದರಿಂದಲೇ ನೆಲ ತಗ್ಗಿತು, ಮಂಡಿ ನೋವಿನವರು ಹತ್ತುವುದು ಸಲೀಸಾಯಿತು, ಮೂರನೇ ಸಾಲಿನಲ್ಲಿ ದೊಡ್ಡವರು ಕಾಲಿಡಲು ಜಾಗವಾಯಿತು. 2025ರಲ್ಲಿ ಭಾರತ್ ಎನ್‌ಕ್ಯಾಪ್ ಅದಕ್ಕೆ ಐದು ಸ್ಟಾರ್ ಕೊಟ್ಟಿದೆ. ನಡುವಿನ ಬೆಲೆಯಲ್ಲಿ 2022ರ ಕಿಯಾ ಕಾರೆನ್ಸ್ ಇದೆ, ಗುಂಡಿ ಒತ್ತಿದರೆ ನಡುವಿನ ಸೀಟು ತಾನೇ ಮಡಿಚಿಕೊಂಡು ಹಿಂದಿನವರಿಗೆ ದಾರಿ ಬಿಡುತ್ತದೆ. ಸಣ್ಣ ಸಂಗತಿ ಎನಿಸಬಹುದು, ಸೀರೆ ಉಟ್ಟವರನ್ನು ಕೇಳಿ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಗಿ ನಾಲ್ಕು ಮೀಟರಿನೊಳಗಿನ ಸಣ್ಣ ಕಾರಿಗೆ ಶೇ 18, ದೊಡ್ಡದಕ್ಕೆ ಶೇ 40. ಬೆಲೆ 10 ಲಕ್ಷ ದಾಟಿದರೆ ರಾಜ್ಯದ ಜೀವಿತಾವಧಿ ತೆರಿಗೆ ಶೇ 17 ಇಲ್ಲವೇ ಅದಕ್ಕೂ ಹೆಚ್ಚು. ಮೂರನೇ ಸಾಲಿಗೆ ನಾವು ಕೊಡುವ ದುಡ್ಡಿನಲ್ಲಿ ಸರ್ಕಾರದ ಪಾಲು ದೊಡ್ಡದೇ ಇದೆ.

ಎರಡನೇ ಕೈ ಇನ್ನೋವಾ ಹುಡುಕುವವರು ಕಿಲೊಮೀಟರ್ ಮೀಟರನ್ನು ನಂಬಬಾರದು. ಬೆಂಗಳೂರಿನಲ್ಲಿ ಟ್ಯಾಕ್ಸಿಯಾಗಿ ದುಡಿದು, ಹಳದಿ ಬೋರ್ಡು ಬಿಳಿಯಾಗಿ, ಹೊಸ ಸೀಟ್ ಕವರ್ ಹಾಕಿಕೊಂಡು ಬಂದ ಗಾಡಿಗಳಿಗೆ ನಮ್ಮೂರುಗಳಲ್ಲಿ ಬರವಿಲ್ಲ. ಆರ್‌ಟಿಓ ಕಚೇರಿಯಿಂದ ಬಿ ಎಕ್ಸ್‌ಟ್ರಾಕ್ಟ್ ತೆಗೆಸಿದರೆ ಗಾಡಿಯ ಪೂರ್ವಜನ್ಮ ತಿಳಿಯುತ್ತದೆ. ಬ್ರೇಕ್ ಪೆಡಲಿನ ರಬ್ಬರು, ಡ್ರೈವರ್ ಸೀಟಿನ ಅಂಚು ಸವೆದು ನುಣ್ಣಗಾಗಿದ್ದೂ ಮೀಟರು ಅರವತ್ತು ಸಾವಿರ ತೋರಿಸಿದರೆ ಅಲ್ಲಿಂದ ಎದ್ದು ಬನ್ನಿ.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ಕೂಡ್ಲಿಗಿ ಸುತ್ತಿನ ಅರ್ಧಕ್ಕರ್ಧ ಮನೆಗಳಿಗೆ ಏಳು ಸೀಟು ಬೇಕಿಲ್ಲ. ಮನೆಯಲ್ಲಿ ಇರುವವರು ನಾಲ್ಕು ಅಥವಾ ಐದು ಮಂದಿ. ಏಳಾಗುವುದು ಹಬ್ಬಕ್ಕೆ, ಕೊಟ್ಟೂರ ತೇರಿಗೆ, ಮೈಲಾರದ ಕಾರಣಿಕಕ್ಕೆ, ವರ್ಷಕ್ಕೊಂದು ಧರ್ಮಸ್ಥಳಕ್ಕೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರು ರಾಜ್ಯದೊಳಗೆ ಬಸ್ಸಿನಲ್ಲಿ ದುಡ್ಡಿಲ್ಲದೆ ಹೋಗಿ ಬರುತ್ತಿದ್ದಾರೆ. ಸರ್ಕಾರಿ ಬಸ್ಸಿನ ಕಿಟಕಿ ಸೀಟಿನಲ್ಲಿ ಕೂತು ಹೋದ ಅತ್ತೆ, ಎರ್ಟಿಗಾದ ಹಿಂದಿನ ಸೀಟಿನಲ್ಲಿ ಹೋದ ಅತ್ತೆಗಿಂತ ಆರಾಮವಾಗಿ ಊರು ಮುಟ್ಟಿರುತ್ತಾರೆ. ಐದು ಮಂದಿ ಹಾಯಾಗಿ ಕೂರುವ, ಡಿಕ್ಕಿ ದೊಡ್ಡದಿರುವ, ಹಿಂದಿನ ಸೀಟು ತೊಡೆಗೆ ಆಸರೆ ಕೊಡುವ ಐದು ಸೀಟಿನ ಗಾಡಿಯನ್ನು ಮನೆಗೆ ಇಟ್ಟುಕೊಂಡು, ವರ್ಷದ ಎರಡು ಮೂರು ದೊಡ್ಡ ಪ್ರವಾಸಕ್ಕೆ ಇನ್ನೋವಾ ಬಾಡಿಗೆ ಹಿಡಿದರೆ ಕಂತಿನಲ್ಲೂ ಉಳಿಯುತ್ತದೆ, ಸೊಂಟದಲ್ಲೂ ಉಳಿಯುತ್ತದೆ. ನಿಜವಾಗಿ ಏಳು ಮಂದಿ ಒಟ್ಟಿಗೆ ಇರುವ ಮನೆಯಾದರೆ ಮಾತ್ರ ದೊಡ್ಡ ಗಾಡಿಗೆ ಹೋಗಿ. ಹೋಗುವಾಗ ಹಿರಿಯರನ್ನೂ ಕರೆದುಕೊಂಡು ಹೋಗಿ ಮೂರನೇ ಸಾಲಿಗೆ ಹತ್ತಿಸಿ, ಟೆಸ್ಟ್ ಡ್ರೈವಿನಲ್ಲಿ ಕೊಳ್ಳುವವನೂ ಅರ್ಧ ತಾಸು ಅವರ ಪಕ್ಕ ಕೂರಲಿ, ಸ್ಟೇರಿಂಗನ್ನು ಷೋರೂಮಿನ ಹುಡುಗ ಹಿಡಿಯಲಿ.

ಬಾಡಿಗೆ ಹಿಡಿಯುವಾಗ ಹಳದಿ ಬೋರ್ಡಿನದ್ದೇ ಇರಲಿ. ನಮ್ಮ ಕಡೆ ಪರಿಚಯದವರ ಬಿಳಿ ಬೋರ್ಡ್ ಗಾಡಿಗೆ ‘ಡೀಸೆಲ್ ಹಾಕಿಸಿ, ಬಾಡಿಗೆ ನೋಡಿ ಕೊಡ್ರಿ’ ಎಂದು ತೀರ್ಥಯಾತ್ರೆ ಹೊರಡುವ ರೂಢಿ ಬೇರೂರಿದೆ. ಸ್ವಂತಕ್ಕೆಂದು ವಿಮೆ ಮಾಡಿಸಿದ ಗಾಡಿ ಬಾಡಿಗೆಗೆ ಓಡಿ ಅಪಘಾತವಾದರೆ ವಿಮಾ ಕಂಪನಿ ಅದನ್ನೇ ಮುಂದಿಟ್ಟು ಕೈ ಎತ್ತಲು ನೋಡುತ್ತದೆ, ಗಾಯಾಳುಗಳ ಮನೆಯವರು ವರ್ಷಗಟ್ಟಲೆ ಕೋರ್ಟು ಅಲೆಯಬೇಕಾಗುತ್ತದೆ. ಮುಂಗಡ ಕೊಡುವ ಮೊದಲು ಪರ್ಮಿಟ್ಟು, ವಿಮೆ, ಎಫ್‌ಸಿ ಮೂರನ್ನೂ ಕೇಳಿ ಪಡೆದು, ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.